ಬಸವಣಪ್ಪನ ತಾಷ್ಕೆಂಟ್ ಕುಣಿತ

ತಾಷ್ಕೆಂಟಿನಿಂದ ಮರಳಿದ ಮೇಲೆ ಬಸವಣಪ್ಪ ತಾನಾಗಿ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಪೂರ್ತಿ ಹೇಳಲಿಲ್ಲ. ಅರ್ಧ ಹೇಳಿ ಸುಮ್ಮನಾದ. ಉಳಿದರ್ಧವನ್ನು ಬಸವಕಲ್ಯಾಣ ತಾನೇ ಸೇರಿಸಿಕೊಂಡಿತು.

ಅವನದು ಪಂಪ್‌ಸೆಟ್ ಮತ್ತು ಪೈಪಿನ ಅಂಗಡಿ. ಮಾರಾಟ ಚೆನ್ನಾಗಿ ಮಾಡಿದ ಡೀಲರುಗಳನ್ನೆಲ್ಲ ಕಂಪನಿಯವರು ಹೈದರಾಬಾದಿನಲ್ಲಿ ವಿಮಾನ ಹತ್ತಿಸಿ, ತಾಷ್ಕೆಂಟ್, ಸಮರಕಂದಗಳನ್ನು ತೋರಿಸಿಕೊಂಡು ಬಂದಿದ್ದರು. ಯಾರೂ ಕಳೆದುಹೋಗಬಾರದೆಂದು ಎಲ್ಲರಿಗೂ ಒಂದೇ ನಮೂನೆಯ ಕಿತ್ತಳೆ ಟೋಪಿ, ಕಿತ್ತಳೆ ಟೀ ಶರ್ಟು. ಇದರಿಂದ ಆದ ಅನುಕೂಲವೆಂದರೆ, ಯಾರಾದರೂ ಕಳೆದುಹೋದರೂ ಹೋದವರು ಯಾರೆಂದು ಕೊನೆಯತನಕ ಯಾರಿಗೂ ತಿಳಿಯುತ್ತಿರಲಿಲ್ಲ.

ಒಂದು ಕೋಣೆಗೆ ಇಬ್ಬಿಬ್ಬರು. ಬಸವಣಪ್ಪನ ಪಾಲಿಗೆ ಬಂದವನು ಹುಮನಾಬಾದಿನ ಡೀಲರು ಓಂಪ್ರಕಾಶ. ಬಸವಣಪ್ಪನ ಬ್ಯಾಗಿನಲ್ಲಿ ಕಡಕ್ ರೊಟ್ಟಿ ಇತ್ತು, ಅದಕ್ಕೆ ಹಚ್ಚಿಕೊಳ್ಳುವ ಚಟ್ನಿಪುಡಿ, ಹಿಂಡಿ, ಮರೆತಿದ್ದ. ಓಂಪ್ರಕಾಶನ ಬ್ಯಾಗಿನಲ್ಲಿ ಶೇಂಗಾ ಹಿಂಡಿ ಇತ್ತು, ರೊಟ್ಟಿ ವಿಮಾನದಲ್ಲೇ ಖಾಲಿಯಾಗಿತ್ತು. ಇಂಥ ಇಬ್ಬರನ್ನು ಪರದೇಶದ ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಸಂಬಂಧ ಬೆಳೆಯದೆ ಏನಾದೀತು? ಮೊದಲ ದಿನ ಒಬ್ಬನಿಗೆ ಮಗಳಿದ್ದಾಳೆಂದೂ ಇನ್ನೊಬ್ಬನಿಗೆ ಮಗನಿದ್ದಾನೆಂದೂ ತಿಳಿಯಿತು. ಸಮರಕಂದದ ನೀಲಿ ಗುಮ್ಮಟಗಳ ಕೆಳಗೆ ಎಲ್ಲರೂ ಕತ್ತೆತ್ತಿ ನಿಂತಿದ್ದಾಗ ಇವರಿಬ್ಬರು ತಲೆ ತಗ್ಗಿಸಿಕೊಂಡು ಮದುವೆ ಯಾವ ತಿಂಗಳು ಎಂದು ಮಾತಾಡುತ್ತಿದ್ದರು. ಆ ಗುಮ್ಮಟಗಳ ಬಗ್ಗೆ ಕೇಳಿದರೆ ಬಸವಣಪ್ಪ ಇವತ್ತಿಗೂ "ಚೊಲೋ ಅವ" ಎನ್ನುತ್ತಾನೆಯೇ ಹೊರತು ಹೆಚ್ಚಿಗೆ ಹೇಳಲಾರ.

ಊರಿಗೆ ಬಂದ ಮೇಲೆ ಹುಡುಗ ಬಂದು ಹುಡುಗಿಯನ್ನು ನೋಡಿಹೋದ. ಬಸವಣಪ್ಪನ ಮಗಳು ರೂಪಾಲಿ ಅಂಗಡಿಯ ಗಲ್ಲೆಯ ಮೇಲೆ ಕೂತು ಹಣದ ಲೆಕ್ಕ ನೋಡುವವಳು. ಮೊದಲು ಬಂದಿದ್ದ ಗಂಡುಗಳು ಹಾಡು ಹೇಳು, ನಡೆದು ತೋರಿಸು ಎಂದಿದ್ದಕ್ಕೆ ಬಾಗಿಲು ತೋರಿಸಿದ್ದಳು. ಈ ಹುಡುಗ ಮಾತ್ರ ಯಾವ ಕೊಳವೆಬಾವಿಗೆ ಯಾವ ಮೋಟರು ತಾಳುತ್ತದೆ ಎಂದು ಕೇಳಿದ. ಇಬ್ಬರೂ ಅದರ ಮೇಲೇ ಚಹಾ ಆರುವವರೆಗೆ ಮಾತಾಡಿದರು. ಆತ ಹೋದ ಮೇಲೆ ರೂಪಾಲಿ, "ಬ್ಯಾಡ ಅನ್ನೂದಿಲ್ಲ ನಾ" ಎಂದಳು. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಮಾತು ಬಂದದ್ದನ್ನು ಆ ಮನೆ ಕೇಳಿರಲಿಲ್ಲ. ಬರುವ ಆಯ್ತವಾರ ಕುಂಕುಮ ಹಚ್ಚಿ ನಿಶ್ಚಯ ಮಾಡುವುದೆಂದು ನಿಕ್ಕಿಯಾಯಿತು.

ಇನ್ನು ಸುಳ್ಳು.

ಮನೆಗೆ ಸುಣ್ಣ ಬಳಿಯುತ್ತಿದ್ದುದರಿಂದ ಬಸವಣಪ್ಪ ಟೂರಿನ ಬ್ಯಾಗನ್ನು ಅಂಗಡಿಯಲ್ಲಿಯೇ ಇಟ್ಟಿದ್ದ. ಪಕ್ಕದಂಗಡಿಯ ದರ್ಜಿ ಅಜೀಮುದ್ದೀನ್ ಚಹಾ ಕುಡಿಯಲು ಬಂದವನು ಬ್ಯಾಗಿನ ಬಾಯಿಂದ ಇಣುಕುತ್ತಿದ್ದ ಜರಿಯ ಅಂಚು ಕಂಡು, ಕೇಳದೆ ಎಳೆದ. ಎಳೆದಷ್ಟೂ ಬಂತು. ಕಡುನೀಲಿ ಮಖಮಲ್ಲಿನ ನಿಲುವಂಗಿ. ಎದೆ, ತೋಳು, ಬೆನ್ನಿನ ತುಂಬ ಬಂಗಾರದ ಎಳೆಯ ಹೂಬಳ್ಳಿ.

"ಯಾ ಅಲ್ಲಾ! ಬಸಣ್ಣಾ, ಇದು ಎಲ್ಲಿಂದು?"

"ತಾಷ್ಕೆಂಟಿಂದು."

"ಖರೀದಿ ಮಾಡಿದ್ಯೋ, ಯಾರರೆ ಹಾಕಿದ್ರೋ?"

ಬಸವಣಪ್ಪ ತಲೆಯ ಮೇಲಿನ ಫ್ಯಾನಿನತ್ತ ನೋಡಿದ. "ಹಾಕಿದ್ರು" ಎಂದ.

"ನಿನಗ? ಸನ್ಮಾನ ಮಾಡಿ?"

ಬಸವಣಪ್ಪ ಏನೂ ಅನ್ನಲಿಲ್ಲ. ನಮ್ಮ ಕಡೆ ಸನ್ಮಾನದ ಸುದ್ದಿ ಬಂದಾಗ ಮಾತಾಡುವವನನ್ನು ಯಾರೂ ನಂಬುವುದಿಲ್ಲ, ಸುಮ್ಮನಿರುವವನನ್ನು ತಕ್ಷಣ ನಂಬುತ್ತಾರೆ. ಸಂಜೆಯೊಳಗೆ ಪರದೇಶದ ಸರಕಾರವೇ ಬಸವಣಪ್ಪನಿಗೆ ನಿಲುವಂಗಿ ಹೊದಿಸಿತೆಂಬ ಸುದ್ದಿ ಕೋಟೆಯ ತನಕ ಹೋಗಿ, ನಾರಾಯಣಪುರದ ಗಿರಾಕಿಯೊಬ್ಬ ಪೈಪು ಒಯ್ಯಲು ಬಂದವನು ಕೈ ಮುಗಿದು ಹೋದ. ಆ ಕೈಮುಗಿತ ಬಸವಣಪ್ಪನಿಗೆ ಹಿತವಾಗಿತ್ತು. ನಿಲುವಂಗಿಯನ್ನು ಗಲ್ಲೆಯ ಹಿಂದಿನ ಗೂಟಕ್ಕೆ ತೂಗುಹಾಕಿದ.

ನಿಜವಾಗಿ ನಡೆದದ್ದು ಇಷ್ಟು. ತಾಷ್ಕೆಂಟಿನ ಕಡೆಯ ಊಟದ ಮನೆಯಲ್ಲಿ ನಮ್ಮ ಹಲಗೆಯಂಥದೇ ವಾದ್ಯ ಬಾರಿಸುತ್ತಿದ್ದರು. ಅಲ್ಲಿಯವರೆಗೆ ಮೆತ್ತಗೆ ಸೂಪು ಕುಡಿಯುತ್ತಿದ್ದ ಓಂಪ್ರಕಾಶನ ಚಮಚ ಮೊದಲು ನಿಂತಿತು, ಆಮೇಲೆ ಅವನ ಕಾಲು ಎದ್ದಿತು, ಕಡೆಗೆ ಓಂಪ್ರಕಾಶ ಎದ್ದ. ನರ್ತಕಿಯ ಎದುರಿಗೆ ಹೋಗಿ ಹುಮನಾಬಾದಿನ ಬರಾತುಗಳಲ್ಲಿ, ಅಂದರೆ ಮದುವೆಯ ಮೆರವಣಿಗೆಗಳಲ್ಲಿ, ಕುಣಿಯುವ ಹಾಗೆ ಕುಣಿದ. ಕುಣಿಯುತ್ತಲೇ ಕಿಸೆಯಿಂದ ನೋಟು ತೆಗೆದು ಅವಳ ತಲೆಗೆ ಮೂರು ಸಲ ನಿವಾಳಿಸಿ ಬಾರಿಸುವವನ ಮಡಿಲಿಗೆ ಹಾಕಿದ. ಊಟದ ಮನೆಯ ಯಜಮಾನ ಖುಷಿಯಾಗಿ ಈ ನಿಲುವಂಗಿ ತಂದು ಹೊದಿಸಿದ. ನರ್ತಕಿ ಓಂಪ್ರಕಾಶನ ಸೊಂಟಕ್ಕೆ ವಸ್ತ್ರ ಕಟ್ಟಿ ಪಕ್ಕ ನಿಂತಳು.

ಜರಿ ತೊಟ್ಟ ಗಂಡಸು, ಪಕ್ಕದಲ್ಲಿ ಹೆಣ್ಣು, ಹಿಂದೆ ವಾದ್ಯ. ಇದನ್ನು ಕಂಡು ನಮ್ಮ ಡೀಲರುಗಳ ಕೈ ಸುಮ್ಮನಿದ್ದೀತೆ? ಜೀವಮಾನವೆಲ್ಲ ಮದುವೆ ಉಂಡ ಕೈಗಳು. ಯಾರೂ ಯೋಚಿಸಲಿಲ್ಲ, ಎದುರಿನ ತಟ್ಟೆಯಲ್ಲಿದ್ದ ಒಣದ್ರಾಕ್ಷಿ, ಸಕ್ಕರೆ ಹಳಕುಗಳನ್ನು ಮುಷ್ಟಿ ತುಂಬ ಹಿಡಿದವು. ಆಳಂದದ ಡೀಲರೊಬ್ಬ ಅಕ್ಷತೆ ಹಾಕುವಾಗ ಕೂಗುವ ರೂಢಿಯ ಮೇಲೆ "ಸಾವಧಾನ!" ಎಂದ. ಮುಷ್ಟಿಗಳೆಲ್ಲ ಒಟ್ಟಿಗೆ ಬಿಚ್ಚಿದವು.

ಕೋಣೆಗೆ ಬಂದ ಮೇಲೆ ಓಂಪ್ರಕಾಶನ ಮುಖ ಬಿಳಿಚಿತ್ತು. "ಬೀಗರ, ಇದು ನಿಮ್ಮ ಬ್ಯಾಗಿನಾಗ ಇರ್ಲಿ. ನಮ್ಮ ಮನ್ಯಾಗ ಕಾಣಬಾರದು" ಎಂದ. ಯಾಕೆಂದು ಬಸವಣಪ್ಪ ಕೇಳಲಿಲ್ಲ. ಕೇಳಬೇಕಿತ್ತು.

ಆಯ್ತವಾರ ನಾಲ್ಕಾರು ದಿನ ಇದೆ ಎನ್ನುವಾಗ ಚಿಟಗುಪ್ಪದ ಡೀಲರು ಧರ್ಮೇಂದ್ರ ಮೊಬೈಲಿನಲ್ಲಿ ಜಾಗ ಸಾಲದೆಂದು ಹಳೆಯ ಚಿತ್ರಗಳನ್ನು ಅಳಿಸುತ್ತ ಕೂತಿದ್ದ. ಆಗ ಈ ವಿಡಿಯೋ ಸಿಕ್ಕಿತು. ಅಳಿಸುವುದಕ್ಕೆ ಮನಸ್ಸಾಗದೆ, "ನಮ್ಮ ಬೀದರ ಹುಲಿ" ಎಂದು ಬರೆದು ಎಲ್ಲರಿಗೂ ಬಿಟ್ಟ. ಕುಣಿಯುವಾಗಲೂ ನೋಟು ನಿವಾಳಿಸುವಾಗಲೂ ಹುಲಿಯ ಬೆನ್ನು ಮಾತ್ರ ಕಾಣುತ್ತಿತ್ತು. ಕಿತ್ತಳೆ ಟೋಪಿ, ಜರಿ ನಿಲುವಂಗಿ, ಪಕ್ಕದಲ್ಲಿ ನಗುತ್ತಿರುವ ಹೆಣ್ಣು, "ಸಾವಧಾನ" ಎಂಬ ಸ್ಪಷ್ಟ ಧ್ವನಿ, ತಲೆಯ ಮೇಲೆ ಬೀಳುತ್ತಿರುವ ಕಾಳುಗಳು. ಮುಖ ಈ ಕಡೆ ತಿರುಗುವ ಹೊತ್ತಿಗೆ ಯಾರೋ ಮೊಣಕೈ ತಾಗಿಸಿ ಚಿತ್ರ ಛಾವಣಿಗೆ ಹಾರಿಬಿಟ್ಟಿತ್ತು. ಹುಲಿ ಯಾರೆಂದು ಕೇಳಿದರೆ ಧರ್ಮೇಂದ್ರನೂ ಹೇಳಲಾರ. ಆ ಊಟದಲ್ಲಿ ಅವನೂ ಉಳಿದ ಡೀಲರುಗಳೂ ಕುಡಿದು ತಮ್ಮ ಕೋಣೆಯ ನಂಬರನ್ನೇ ಮರೆತಿದ್ದವರು.

ಬಸವಕಲ್ಯಾಣ ಮಾತ್ರ ಧರ್ಮೇಂದ್ರನನ್ನು ಕೇಳುವ ಗರಜು ಕಾಣಲಿಲ್ಲ. ನಿಲುವಂಗಿ ಯಾರದೆಂದು ಅದಕ್ಕೆ ಗೊತ್ತಿತ್ತು.

ಅಜೀಮುದ್ದೀನ್ ಮೊಬೈಲು ಹಿಡಿದುಕೊಂಡೇ ಬಂದ. ವಿಡಿಯೋ ನೋಡಿದ. ಗೂಟದ ಮೇಲಿನ ನಿಲುವಂಗಿ ನೋಡಿದ. ಮತ್ತೆ ವಿಡಿಯೋ ನೋಡಿದ. ಮದುಮಕ್ಕಳ ಶೇರವಾನಿ ಹೊಲಿಯುವುದೇ ಅವನ ಕಸುಬಾದ್ದರಿಂದ ಅವನಿಗೆ ಜಗತ್ತಿನ ಜರಿಯೆಲ್ಲ ಮದುವೆಯ ಜರಿಯಾಗಿಯೇ ಕಾಣುತ್ತಿತ್ತು.

"ಬಸಣ್ಣಾ," ಎಂದ, ಸಾವಿನ ಮನೆಯಲ್ಲಿ ಮಾತಾಡುವವನ ಹಾಗೆ. "ಇದು ಸನ್ಮಾನದ ಬಟ್ಟಿ ಅಲ್ಲ. ದುಲ್ಹಾನ ಚೋಗಾ ಅದ, ಮದುಮಗನ ಅಂಗಿ. ನಾ ನಿನಗ ಏನೂ ಕೇಳಲ್ಲ. ಆದ್ರ ಭಾಬಿಗೆ ಹೇಳಿದ್ಯೋ ಇಲ್ಲೋ?"

ಬಸವಣಪ್ಪ ಬಾಯಿ ತೆರೆದ. ಅಷ್ಟರಲ್ಲಿ ಫೋನು ಬಂತು. ಓಂಪ್ರಕಾಶ.

"ಬೀಗರ, ಬಾಯಿ ಬಿಡಬ್ಯಾಡ್ರಿ. ಏನೂ ಹೇಳಬ್ಯಾಡ್ರಿ ಯಾರಿಗೂ. ಹಿಂಗಿಂದ ಹಿಂಗ ಹುಮನಾಬಾದಕ್ಕ ಬರ್ರಿ."

ತೆರೆದ ಬಾಯಿಯನ್ನು ಬಸವಣಪ್ಪ ಹಾಗೇ ಮುಚ್ಚಿದ. ಬಸ್ಸಿನಲ್ಲಿ ಕೂತ ಮೇಲೆ ಎದುರು ಸೀಟಿನವನು ಹೊರಳಿ ಹೊರಳಿ ನೋಡಿದ. ರಾಜೇಶ್ವರ ದಾಟುವಷ್ಟರಲ್ಲಿ ಅವನ ಪಕ್ಕದವನೂ ಹೊರಳಿದ. ಬಸವಣಪ್ಪ ಕಿಟಕಿಯ ಹೊರಗೆ ತೊಗರಿ ಹೊಲಗಳನ್ನು ನೋಡುತ್ತ ಕೂತ. ತೊಗರಿ ಗಿಡಗಳೂ ತನ್ನ ಕಡೆಗೇ ಬಗ್ಗಿದಂತೆ ಕಂಡವು.

ಓಂಪ್ರಕಾಶ ಅವನನ್ನು ಅಂಗಡಿಗೆ ಕರೆಯಲಿಲ್ಲ, ಮನೆಗಂತೂ ಕರೆಯಲಿಲ್ಲ. ಗೋದಾಮಿನ ಒಳಗೆ, ಪೈಪುಗಳ ರಾಶಿಯ ಹಿಂದೆ ನಿಲ್ಲಿಸಿ ಮಾತಾಡಿದ.

"ನಮ್ಮ ಅವ್ವನ ಬಗ್ಗೆ ನಿಮಗ ಗೊತ್ತಿಲ್ಲ ಬೀಗರ. ಹರೇದಾಗ ನಾ ಕುಣದ್ರ ಹುಮನಾಬಾದ ನಿಂತು ನೋಡ್ತಿತ್ತು. ಯಾರದರೆ ಬರಾತ್ ಇರ್ಲಿ, ಕರದಿರ್ಲಿ ಬಿಟ್ಟಿರ್ಲಿ, ನಾ ಮುಂದ. ನನ್ನ ಮದುವ್ಯಾಗ ಏನಾತು ಅಂದ್ರ, ಕುದರಿ ಮ್ಯಾಲಿಂದ ಇಳದು ನಾನಽ ಕುಣ್ಯಾಕ ನಿಂತೆ. ವೀರಭದ್ರೇಶ್ವರ ಗುಡಿಯಿಂದ ಹಂದರ ತನಕ ಕುಣಕೋತ ಹೋಗೂದ್ರಾಗ ಮುಹೂರ್ತ ಮುಗದು, ಅಯ್ನೋರು ಮತ್ತೊಂದು ಮದುವಿಗೆ ಹೋಗಿಬಿಟ್ಟಿದ್ರು."

"ಆಮ್ಯಾಲ?"

"ಆಮ್ಯಾಲ ಅವ್ವ ನನ್ನ ಕೈ ಹಿಡದು ತನ್ನ ತಲಿ ಮ್ಯಾಲ ಇಟಗೊಂಡ್ಳು. ಇನ್ನ ಜನ್ಮದಾಗ ಕುಣಿಯೂದಿಲ್ಲ ಅಂತ ಆಣಿ ಮಾಡಿಸಿದ್ಳು. ಅವತ್ತಿಂದ ಬ್ಯಾಂಡ್ ಬಾರಿಸಿದ್ರ ನಾ ಮನಿ ಬಾಗಲಾ ಹಾಕ್ಕೊಂಡು ಕೂಡ್ತೀನಿ. ಈಗ ಅಂವ ನಾನಽ ಅಂತ ಗೊತ್ತಾದ್ರ, ಆಣಿ ಮುರದ ಟೂರಿನಾಗ ಆದ ಮಾತು, ಅಪಶಕುನ, ಈ ಸಂಬಂಧ ಬ್ಯಾಡ ಅಂತಾಳ. ಆಕಿ ಬ್ಯಾಡ ಅಂದ್ರ ಮುಗೀತು. ನಮ್ಮ ಮನ್ಯಾಗ ಫ್ಯಾನ್ ಹಾಕೂದೂ ಆಕಿನ್ನ ಕೇಳಿನ."

ಬಸವಣಪ್ಪ ಪೈಪಿನ ರಾಶಿಗೆ ಒರಗಿದ. "ಹಂಗಾರ ನಾ ಏನ್ ಮಾಡ್ಲಿ?"

"ಕುಣದಾಂವ ನಾನಽ ಅನ್ರಿ. ಊರಾಗ ಹೆಂಗೂ ಹಂಗಽ ಅನ್ನಾಕತ್ಯಾರ. ನೀವು ಕುಣದ್ರ ಏನೂ ಆಗೂದಿಲ್ಲ; ನೀವು ಯಾರ ತಲಿ ಮ್ಯಾಲೂ ಕೈ ಇಟ್ಟಿಲ್ಲ."

"ಊರಾಗ ಕುಣದಾನ ಅನ್ನಾಕತ್ತಿಲ್ರಿ. ಮದುವಿ ಆಗ್ಯಾನ ಅನ್ನಾಕತ್ಯಾರ."

"ಮದುವಿ ಅನಬ್ಯಾಡ್ರಿ ಮತ್ತ! ಮದುವಿ ಅಂದ್ರೂ ಮುರೀತದ, ಕುಣದಿಲ್ಲ ಅಂದ್ರೂ ಮುರೀತದ. ಕುಣದೀನಿ, ಮದುವಿ ಆಗಿಲ್ಲ. ಇಷ್ಟ ನೆನಪಿಡ್ರಿ."

ಬಸ್ಸಿನಲ್ಲಿ ಮರಳುವಾಗ ಬಸವಣಪ್ಪ ಇದನ್ನೇ ಬಾಯಿಪಾಠ ಮಾಡಿದ. ಕುಣಿದಿದ್ದೇನೆ, ಮದುವೆಯಾಗಿಲ್ಲ. ನೋಡುವುದಕ್ಕೆ ಸಣ್ಣ ವಾಕ್ಯ. ಅರ್ಧ ಹೆಚ್ಚು ಹೇಳಿದರೆ ಮಗಳ ಕುಂಕುಮ ಹೋಗುತ್ತದೆ, ಅರ್ಧ ಕಡಿಮೆ ಹೇಳಿದರೂ ಹೋಗುತ್ತದೆ.

ಅಂಗಡಿಯ ಮುಂದೆ ಒಬ್ಬ ಪೊಲೀಸಪ್ಪ ಸ್ಟೂಲು ಹಾಕಿಕೊಂಡು ಕೂತಿದ್ದ. ಪಾಸ್‌ಪೋರ್ಟಿನ ತನಿಖೆಗೆ ಮನೆಗೆ ಬಂದುಹೋಗಿದ್ದವನೇ. ಕೋಪಕ್ಕಿಂತ ಹೆಚ್ಚಾಗಿ ಅವನ ಮುಖದಲ್ಲಿ ಮನಸ್ಸು ಮುರಿದ ಭಾವವಿತ್ತು.

"ಸಾವಕಾರ್ರ, ನಿಮ್ಮ ನಡತಿ ಚೊಲೋ ಅದ ಅಂತ ಮ್ಯಾಲಿನವರಿಗೆ ಬರದಾಂವ ನಾ. ನೆನಪದ?"

"ಅದರಿ."

"ನಾ ಯಾರಿಗೂ ಅಷ್ಟು ಚೊಲೋ ಬರದಿಲ್ರಿ. ನಿಮ್ಮ ಮುಖ ನೋಡಿ ಬರದೆ. ಈಗ ಆಕಿ ಇಲ್ಲಿಗಿ ಯಾವಾಗ ಬರ್ತಾಳ?"

"ಯಾರ್ರೀ?"

"ಹೆಸರು ನೀವು ಹೇಳಬೇಕು. ಬಂದ ದಿನಾನಽ ಠಾಣಾಕ್ಕ ಕರಕೊಂಡು ಬರ್ರಿ. ಪರದೇಶದವರು ಬಂದ್ರ ನಮಗ ತಿಳಿಸೂದು ಇರ್ತದ."

"ನಾ ಕುಣದೀನ್ರಿ. ಮದುವಿ ಆಗಿಲ್ಲ."

ಪೊಲೀಸಪ್ಪ ಟೋಪಿ ಹಾಕಿಕೊಂಡ. "ಎಲ್ಲಾರೂ ಮೊದಲ ಹಂಗಽ ಅಂತಾರ" ಎಂದು ಎದ್ದು ಹೋದ.

ಮನೆಯಲ್ಲಿ ಹೆಂಡತಿ ಮೀರಾಬಾಯಿ ಫೋನಿನಲ್ಲಿದ್ದಳು. ಆ ಕಡೆ ಚಿಟಗುಪ್ಪದ ತಂಗಿ. ಅವಳ ಧ್ವನಿ ಅಡುಗೆಮನೆಯ ಹೊರಗೂ ಕೇಳುತ್ತಿತ್ತು: "ಅಕ್ಕಾ, ಅಳಬ್ಯಾಡ. ಆಕಿಗೆ ರೊಟ್ಟಿ ಬಡಿಯಾಕ ಬರ್ತದೋ ಇಲ್ಲೋ ಮೊದಲ ಕೇಳು. ಬರ್ಲಿಲ್ಲಂದ್ರ ತಾನಽ ಓಡಿಹೋಗ್ತಾಳ."

ಮೀರಾಬಾಯಿ ಅಳುತ್ತಿರಲಿಲ್ಲ. ಫೋನು ಇಟ್ಟು, ಗಂಡನ ಮುಂದೆ ತಾಟು ಇಟ್ಟಳು. ತಾಟಿನಲ್ಲಿ ರೊಟ್ಟಿ ಇತ್ತು. ರೊಟ್ಟಿಯ ಜೊತೆಗೆ ಇನ್ನೇನೂ ಇರಲಿಲ್ಲ. ಅವನಿಗೆ ನಿಜ ಹೇಳಬೇಕೆನ್ನಿಸಿತು. ಆದರೆ ಮೀರಾಬಾಯಿಗೆ ಹೇಳುವುದೆಂದರೆ ಚಿಟಗುಪ್ಪಕ್ಕೆ ಹೇಳಿದಂತೆ. ಚಿಟಗುಪ್ಪಕ್ಕೆ ಹೇಳುವುದೆಂದರೆ ಹುಮನಾಬಾದಿಗೆ ಹೇಳಿದಂತೆ. ಒಣ ರೊಟ್ಟಿ ಮುರಿದ. 

"ಕುಣದಾಂವ ನೀವ ಏನ್ರಿ?" ಎಂದಳು ಮೀರಾಬಾಯಿ, ಬಾಗಿಲ ಕಡೆ ನೋಡುತ್ತ.

"ಹೂಂ. ಕುಣದೀನಿ. ಮದುವಿ..."

"ಮದುವಿ ಮಾತು ಬಿಡ್ರಿ. ನಿಮ್ಮನ್ನ ಯಾರು ಆಗ್ತಾರ." ಅವಳು ತಾಟಿನ ಪಕ್ಕ ನೀರಿಟ್ಟಳು. ಮತ್ತೆ ಮಾತಾಡಿದಾಗ ಧ್ವನಿ ಬೇರೆಯಾಗಿತ್ತು. "ನಮ್ಮ ಮದುವ್ಯಾಗ ಎಲ್ಲಾರೂ ಕುಣಿ ಕುಣಿ ಅಂದ್ರು. ಕಾಲು ನೋಯ್ತಾವ ಅಂದಿದ್ರಿ. ನಾ ನಂಬಿದ್ದೆ."

ಬಸವಣಪ್ಪ ರೊಟ್ಟಿಯ ಇನ್ನೊಂದು ತುಂಡು ಮುರಿದ.

ರೂಪಾಲಿ ಒಳಗಿನಿಂದ ಬಂದು ತಾಟಿಗೆ ಪಲ್ಯ ಹಾಕಿದಳು. "ಅಪ್ಪಾ, ನೀ ಏನಽ ಮಾಡಿರು. ಆಯ್ತವಾರ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಕೈ ಮುಗೀತೀನಿ" ಎಂದಳು. ಕೈ ಮುಗಿಯಲಿಲ್ಲ, ಸೌಟನ್ನು ತಾಟಿನಲ್ಲೇ ಮರೆತು ಒಳಗೆ ಹೋದಳು. ಗಿರಾಕಿಗಳ ಲೆಕ್ಕದಲ್ಲಿ ಒಂದು ಪೈಸೆಯನ್ನೂ ಮರೆಯದವಳು ಅವಳು.

ಆಯ್ತವಾರ ಹುಮನಾಬಾದಿನವರು ಬಂದರು. ಮೊದಲ ಕಾರಿನಿಂದ ಕಾಂತಾಬಾಯಿ ಇಳಿದಳು. ಓಂಪ್ರಕಾಶನ ತಾಯಿ. ಬೆಳ್ಳಗಿನ ತಲೆ, ನೆಟ್ಟಗಿನ ಬೆನ್ನು, ಕೈಯಲ್ಲಿ ಕೋಲು. ಕೋಲನ್ನು ಊರುತ್ತಿರಲಿಲ್ಲ, ಸುಮ್ಮನೆ ಹಿಡಿದಿದ್ದಳು. ಹಿಂದೆ ಓಂಪ್ರಕಾಶ, ಅವನ ಹೆಂಡತಿ, ಮಗ, ಕಾಂತಾಬಾಯಿಯ ತಮ್ಮನಾದ ಘಾಟಬೋರಾಳದ ಸೋದರಮಾವ, ನಾಲ್ಕೈದು ಮಂದಿ ಹೆಂಗಸರು. ಓಂಪ್ರಕಾಶ ಬಸವಣಪ್ಪನ ಕಣ್ಣು ತಪ್ಪಿಸಿ ಗೋಡೆಯ ಹೊಸ ಸುಣ್ಣವನ್ನು ಹೊಗಳಿದ.

ನೀರು ಬಂತು. ಎಲ್ಲರೂ ಕುಡಿದರು. ಕಾಂತಾಬಾಯಿಯ ಗ್ಲಾಸು ಮಾತ್ರ ತಟ್ಟೆಯಲ್ಲಿ ಉಳಿಯಿತು. ಮಾತು ಗಟ್ಟಿಯಾಗುವವರೆಗೆ ಹೆಣ್ಣಿನ ಮನೆಯ ನೀರು ಮುಟ್ಟದ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಕೋಣೆಯಲ್ಲಿದ್ದವರೆಲ್ಲ ಆ ಗ್ಲಾಸನ್ನು ನೋಡುತ್ತಿದ್ದರು, ನೋಡದವರ ಹಾಗೆ.

"ಬೀಗರ ಅಂತ ಕರೀಬೇಕೋ ಬ್ಯಾಡೋ ಇನ್ನಽ ಗೊತ್ತಿಲ್ಲ," ಎಂದಳು ಕಾಂತಾಬಾಯಿ. "ಅದಕ್ಕ ಬಸವಣಪ್ಪನವರ ಅಂತೀನಿ. ಒಂದು ಮಾತು ಕೇಳಲೇನು?"

"ಕೇಳ್ರಿ ಅವ್ವಾರ."

"ಆ ಪರದೇಶದಾಗ ನೀವು ಮದುವಿ ಆಗೀರೇನು?"

"ಇಲ್ರಿ. ಕುಣದೀನಿ, ಮದುವಿ ಆಗಿಲ್ಲ."

"ಅಕ್ಷತಿ ಬಿದ್ದಾವಲ್ಲ?"

"ಅಕ್ಷತಿ ಅಲ್ರಿ ಅವ್ವಾರ. ಒಣದ್ರಾಕ್ಷಿ."

"ಸಾವಧಾನ ಅಂದಾಂವ ಯಾರು?"

"ಆಳಂದದ ಡೀಲರು. ಬಾಯಿ ರೂಢಿರಿ."

ಕಾಂತಾಬಾಯಿ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ತಾಳಿ?"

"ಇಲ್ಲಽ ಇಲ್ರಿ."

"ತಾಳಿ ಇಲ್ಲಂದ್ರ ಅದು ಮದುವಿ ಅಲ್ಲ. ತಿಂಡಿ ಚೆಲ್ಲಿದಂಗ." ಅವಳ ಕೈ ಗ್ಲಾಸಿನ ಕಡೆ ಹೋಯಿತು. ಬಸವಣಪ್ಪ ಉಸಿರು ಬಿಟ್ಟ. ಪರದೆಯ ಹಿಂದೆ ಬಳೆಗಳ ಸದ್ದಾಯಿತು.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಬಸವಣಪ್ಪನಿಗೆ ಒಬ್ಬ ಗೆಳೆಯನಿದ್ದ.

ಅಜೀಮುದ್ದೀನ್ ಬೆಳಗಿನಿಂದ ಬಾಗಿಲ ಹತ್ತಿರ ನಿಂತಿದ್ದ. ಚೋಗಾ ಎಂದು ಬಾಯಿ ಬಿಟ್ಟದ್ದೇ ತಾನು, ಅದರಿಂದಲೇ ಗೆಳೆಯನಿಗೆ ಈ ಗತಿ ಬಂತೆಂದು ಎರಡು ದಿನ ಊಟ ಸೇರಿರಲಿಲ್ಲ ಅವನಿಗೆ. ವಿಡಿಯೋವನ್ನು ಮತ್ತೆ ಮತ್ತೆ ನೋಡಿ, ಆ ಕುಣಿತ ಬಸವಣಪ್ಪನದಲ್ಲವೆಂದು ಅವನಿಗೆ ಖಾತ್ರಿಯಾಗಿತ್ತು. ಈಗ ಎದೆ ತುಂಬಿ ಬಂತು. ಮುಂದೆ ಬಂದು ಎದೆಯ ಮೇಲೆ ಕೈ ಇಟ್ಟ.

"ಅಮ್ಮಾ, ಈ ಭೋಳೆ ಮನಷ್ಯಾ ಯಾರನ್ನೋ ಉಳಸಾಕ ಸುಳ್ಳು ಹೇಳಾಕತ್ತಾನ. ಖುದಾ ಕಸಮ್, ವಿಡಿಯೋದಾಗ ಇದ್ದಾಂವ ಇವನಲ್ಲ!"

ಕಾಂತಾಬಾಯಿಯ ಕೈ ಗ್ಲಾಸು ಮುಟ್ಟದೆ ನಿಂತಿತು.

"ಅಜೀಮ್ ಭಾಯಿ, ಸುಮ್ನಿರು," ಎಂದ ಬಸವಣಪ್ಪ.

"ಯಾಕ ಸುಮ್ನಿರ್ಲಿ? ಇವನ ಮದುವಿ ಬರಾತಿನಾಗ ನಾ ಇದ್ದೆ ಅಮ್ಮಾ. ಕುಣಿ ಅಂದ್ರ ಹೋಗಿ ಬ್ಯಾಂಡಿನವರ ಹಿಂದ ಅಡಗಿಕೊಂಡು ನಿಂತಿದ್ದ. ಕುಣ್ಯಾಕ ಇವನಿಗಿ ಬರೂದಽ ಇಲ್ಲ! ವಿಡಿಯೋದಾಗಿನ ಮನಷ್ಯಾ ಹುಟ್ಟಾ ಕುಣಿಯಾಂವ!"

"ನಾನಽ ಅದು!" ಬಸವಣಪ್ಪ ಕೂಗಿದ. ತನ್ನ ಮೇಲಿನ ಅಪವಾದವನ್ನು ಇಷ್ಟು ಬಿಗಿಯಾಗಿ ಹಿಡಿದುಕೊಂಡ ಮನುಷ್ಯನನ್ನು ಆ ಓಣಿ ಕಂಡಿರಲಿಲ್ಲ. "ನನಗ ಕುಣ್ಯಾಕ ಬರ್ತದ! ಯಾರಿಗೂ ಹೇಳಿರ್ಲಿಲ್ಲ ಅಷ್ಟ!"

ಘಾಟಬೋರಾಳದ ಸೋದರಮಾವ ಗಂಟಲು ಸರಿಮಾಡಿಕೊಂಡ. ಅವನು ಎಲ್ಲ ನಿಶ್ಚಯಗಳಲ್ಲಿಯೂ ಇದೊಂದು ಗಳಿಗೆಗಾಗಿಯೇ ಹೋಗುವವನು. "ಇದಕ್ಕ ಜಗಳ ಯಾಕ? ಬರ್ತದ ಅಂದ್ರ ಕುಣದ ತೋರಸಲಿ. ಟಿವಿಗಿ ವಿಡಿಯೋ ಹಚ್ಚರಿ. ಇಬ್ಬರನ್ನೂ ನೋಡೂಣು. ಬೆನ್ನು ಈ ಕಡಿ ಮಾಡಿ ಕುಣೀರಿ ಸಾವಕಾರ್ರ."

ಯಾರೂ ಬೇಡವೆನ್ನಲಿಲ್ಲ. ವರ ಮಹಾಶಯ ತಲೆ ತಗ್ಗಿಸಿ, ಹಿರಿಯರೇ ಹೇಳಿದರೆಂದು ಮೊಬೈಲನ್ನು ಟಿವಿಗೆ ಹಚ್ಚಿದ. ದೊಡ್ಡ ಪರದೆಯ ಮೇಲೆ ತಾಷ್ಕೆಂಟಿನ ಊಟದ ಮನೆ ತೆರೆದುಕೊಂಡಿತು. ಹಲಗೆ ಶುರುವಾಯಿತು.

ಬಸವಣಪ್ಪ ಎದ್ದ. ಬೆನ್ನು ತಿರುಗಿಸಿದ. ಒಳಬಾಗಿಲ ಪರದೆಯ ಸಂದಿನಲ್ಲಿ ರೂಪಾಲಿಯ ಒಂದು ಕಣ್ಣು ಕಾಣುತ್ತಿತ್ತು. ಆ ಕಣ್ಣನ್ನು ನೋಡಿಕೊಂಡೇ ಬಲಗೈ ಎತ್ತಿದ.

ಕೊಳವೆಬಾವಿಗೆ ಇಳಿಸಿದ ಮೋಟರು ಮಣ್ಣು ಸಿಕ್ಕು ನಿಂತು, ಮತ್ತೆ ಚಾಲೂ ಆಗುವಾಗ ಹೇಗೆ ನಡುಗುತ್ತದೋ ಹಾಗೆ ಅವನು ಮೊದಲು ಅಲ್ಲಲ್ಲೇ ನಡುಗಿದ. ಆಮೇಲೆ ಎಡಗಾಲು ಹೋಯಿತು. ಬಲಗಾಲಿಗೆ ಆ ಸುದ್ದಿ ತಡವಾಗಿ ಮುಟ್ಟಿತು. ಕೈಗಳು ಮಾವಿನಕಾಯಿ ಹರಿಯುವವನ ಹಾಗೆ ಮೇಲೆ ಹೋಗಿ, ಕಾಯಿ ಸಿಗದೆ ಕೆಳಗೆ ಬಂದವು. ಟಿವಿಯಲ್ಲಿದ್ದ ಬೆನ್ನು ನೀರಿನ ಮೇಲೆ ಹಾವು ಹರಿದಂತೆ ಹರಿಯುತ್ತಿತ್ತು. ಕೋಣೆಯಲ್ಲಿದ್ದ ಬೆನ್ನು ಗೋಣಿಚೀಲ ಇಳಿಸುವವನ ಬೆನ್ನಾಗಿತ್ತು. ನೋಟು ನಿವಾಳಿಸುವ ಗಳಿಗೆ ಬಂದಾಗ ಬಸವಣಪ್ಪ ಕಿಸೆಯಿಂದ ನೋಟು ತೆಗೆದ. ಯಾರಿಗೆ ನಿವಾಳಿಸಬೇಕು? ಹಿಂದೆ ಕೂತವರು ಬೀಗತಿಯರು. ಅವನು ಟಿವಿಗೇ ಮೂರು ಸಲ ನಿವಾಳಿಸಿದ.

ಮೀರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಅವಳು ನಗುತ್ತಿದ್ದಳು. ಈ ಕಾಲುಗಳು ಎಲ್ಲಿಯೂ, ಯಾರ ಮುಂದೆಯೂ ಕುಣಿದಿಲ್ಲವೆಂದು ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ಅವಳಿಗೆ.

ಆದರೆ ಕೋಣೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಹಲಗೆಯ ಪೆಟ್ಟು ಬಿದ್ದಾಗಿನಿಂದ ಓಂಪ್ರಕಾಶನ ಬಲ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು. ಅವನು ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದ. ಎಡಗಾಲು ಎದ್ದಿತು. ಎರಡೂ ಕೈಯಿಂದ ಎರಡನ್ನೂ ಹಿಡಿದ. ಆಗ ಭುಜ ಕುಣಿಯಿತು. ಹಣೆಯಿಂದ ಬೆವರು ಮೂಗಿಗೆ ಇಳಿಯಿತು. ಒರೆಸಲು ಕೈ ಬಿಡುವ ಹಾಗಿರಲಿಲ್ಲ. ಎಲ್ಲರೂ ಒಮ್ಮೆ ಟಿವಿ, ಒಮ್ಮೆ ಬಸವಣಪ್ಪನನ್ನು ನೋಡುತ್ತಿದ್ದರು. ಕಾಂತಾಬಾಯಿ ಎರಡನ್ನೂ ನೋಡುತ್ತಿರಲಿಲ್ಲ. ಅವಳು ಮಗನ ಕಾಲನ್ನು ನೋಡುತ್ತಿದ್ದಳು.

ಹಲಗೆ ನಿಂತಿತು. ಬಸವಣಪ್ಪ ಒಂದು ಕೈ ಮೇಲೆತ್ತಿಕೊಂಡೇ ನಿಂತ. ಇಳಿಸುವ ಧೈರ್ಯವಾಗಲಿಲ್ಲ. ಅಡುಗೆಮನೆಯಲ್ಲಿ ಹೂರಣ ಕುದಿಯುವುದು ಕೇಳುತ್ತಿತ್ತು. ಇವನು ಅವನಲ್ಲ ಎಂಬುದನ್ನು ಹೇಳಲು ಯಾರ ಸಾಕ್ಷಿಯೂ ಬೇಕಿರಲಿಲ್ಲ. ಅಜೀಮುದ್ದೀನ್ ಗೆದ್ದವನ ಹಾಗೆ ಎಲ್ಲರ ಮುಖ ನೋಡಿದ. ಘಾಟಬೋರಾಳದ ಸೋದರಮಾವ ಬಾಯಿ ತೆರೆದ.

"ಇವರಽ," ಎಂದಳು ಕಾಂತಾಬಾಯಿ.

ತೆರೆದ ಬಾಯಿ ತೆರೆದೇ ಉಳಿಯಿತು. "ಅಕ್ಕಾ, ಸ್ವಲ್ಪ ನೋಡು..."

"ನೋಡೀನಿ. ನನಗ ಗುರ್ತು ಹತ್ತಿತು. ಇವರಽ ಕುಣದಾರ. ಪರದೇಶದ ಹವಾ ಬ್ಯಾರೆ ಇರ್ತದ, ಅಲ್ಲಿ ಕಾಲು ಹಗೂರಾಗ್ತಾವ." ಕೋಲಿನಿಂದ ನೆಲಕ್ಕೆ ಒಮ್ಮೆ ಕುಟ್ಟಿದಳು. ಗ್ಲಾಸು ಎತ್ತಿ ನೀರನ್ನು ಪೂರ್ತಿ ಕುಡಿದಳು. "ಹುಡುಗಿನ್ನ ಕರೀರಿ. ಕುಂಕುಮದ ಹೊತ್ತು ಮೀರ್ತದ."

ರೂಪಾಲಿ ಬಂದಳು. ಕಾಂತಾಬಾಯಿ ತಾನೇ ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಬಾಯಿಗೆ ಸಕ್ಕರೆ ಹಾಕಿದಳು. ಹೋಳಿಗೆ ಊಟ ನಡೆಯಿತು. ಮೀರಾಬಾಯಿ ಗಂಡನ ತಾಟಿಗೆ ಕೇಳದೆಯೇ ಎರಡು ಸಲ ತುಪ್ಪ ಸುರಿದಳು. ಅಜೀಮುದ್ದೀನನಿಗೆ ಮಾತ್ರ ತಲೆಬುಡ ತಿಳಿಯದೆ, ಪ್ರತಿ ತುತ್ತಿಗೂ ಒಮ್ಮೆ "ಅಮ್ಮನ ಕಣ್ಣು ಮಂಜಾಗ್ಯಾವ, ಪಾಪ" ಎನ್ನುತ್ತಿದ್ದ.

ಹೊರಡುವಾಗ ಕಾಂತಾಬಾಯಿಯನ್ನು ಬಸವಣಪ್ಪನೇ ಕಾರಿನ ತನಕ ಕರೆದುಕೊಂಡು ಹೋದ. ಓಂಪ್ರಕಾಶ ಮೊದಲೇ ಹೋಗಿ ಸ್ಟೇರಿಂಗಿನ ಹಿಂದೆ ಕೂತಿದ್ದ. ಉಳಿದವರು ಇನ್ನೂ ಬಾಗಿಲಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಬೀಗರ," ಎಂದಳು ಕಾಂತಾಬಾಯಿ, ಮೊದಲ ಸಲ. "ಮದುವಿ ಮೆರವಣಿಗಿಗೆ ನಮ್ಮ ಊರ ಮಂದೆಲ್ಲಾ ನಿಮ್ಮ ಕುಣಿತ ನೋಡಾಕಽ ಬರ್ತಾರ. ಇವತ್ತ ಕುಣದಂಗ ಅವತ್ತೂ ಕುಣದ್ರ ನನ್ನ ಮಾತು ಸುಳ್ಳಾಗ್ತದ. ನಾ ಈ ವಯಸ್ಸಿನ ತನಕ ಸುಳ್ಳು ಆಡಿಲ್ಲ. ಕುಣಿಯೂದು ಕಲೀರಿ."

ಬಸವಣಪ್ಪ ಕಾರಿನ ಬಾಗಿಲು ತೆರೆದು ಹಿಡಿದ. "ಯಾರ ಕಡಿ ಕಲೀಲ್ರಿ ಅವ್ವಾರ? ನನಗ ಯಾರೂ..."

ಕಾಂತಾಬಾಯಿ ಕಾರಿನ ಒಳಗೆ ಕೂತು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಮುಂದಿನ ಸೀಟಿನ ಕಡೆ ತಿರುಗಲೂ ಇಲ್ಲ.

"ಓಂಪ್ಯಾ, ಆಯ್ತವಾರಕ್ಕೊಮ್ಮೆ ಬಂದು ಬೀಗರಿಗೆ ಕಲಿಸಿ ಹೋಗು."

ಕಾರು ಚಾಲೂ ಆಗಲು ಬಹಳ ಹೊತ್ತು ಹಿಡಿಯಿತು.